ನಾನು ನಾನೇ ಎಂದು ಪ್ರಮಾಣ ಮಾಡಿ

ಕಾನೂನು ಓದಬೇಕು ಅನ್ನುವ ಆಸೆ ನನಗೆ ಹುಟ್ಟಿದ್ದು 46ನೇ ವಯಸ್ಸಿನಲ್ಲಿ. ನಮ್ಮ ಡೊಂಬಿವಲಿಯಲ್ಲಿ ಈ ವಯಸ್ಸಿಗೆ ಸಾಮಾನ್ಯವಾಗಿ ಶುಗರ್ ಬರುತ್ತದೆ. ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಲು 30 ವರ್ಷದ ಮಿತಿ ಹಾಕಲು ಬಾರ್ ಕೌನ್ಸಿಲ್ ಹೊರಟಿತ್ತು, 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ವಯಸ್ಸೊಂದು ದಾಟಿತಲ್ಲ, ಇನ್ನೇನು ಅಂತ ಸಿಇಟಿ ಬರೆದೆ. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ. ಗೊತ್ತಿಲ್ಲದ ಕಡೆಯೆಲ್ಲ ‘ಸಿ’ ಒತ್ತಿದೆ. ‘ಸಿ’ ನನ್ನ ಕೈ ಬಿಡಲಿಲ್ಲ.

ಕೈ ಬಿಟ್ಟಿದ್ದು ನನ್ನ ಹೆಸರು.

“ಆಡನಾವ್?” ಅಂದರು ಲಾ ಕಾಲೇಜಿನ ಕಿಟಕಿಯ ಆಚೆಗಿನ ಮೇಡಂ. ಅಂದರೆ ಮನೆತನದ ಹೆಸರು. ಮಹಾರಾಷ್ಟ್ರದಲ್ಲಿ ಮನುಷ್ಯ ಹುಟ್ಟುವ ಮೊದಲೇ ಅವನ ಆಡನಾವ್ ಹುಟ್ಟಿರುತ್ತದೆ. ಫಾರ್ಮಿನಲ್ಲಿ ಮೊದಲು ಅದು, ಆಮೇಲೆ ನಾವು, ಕೊನೆಗೆ ಅಪ್ಪ. ನನ್ನದೋ ಕೆ. ಎನ್. ರಾಘವೇಂದ್ರ. ಕೆ ಅಂದರೆ ಕಡೂರು, ಎನ್ ಅಂದರೆ ನಾರಾಯಣ.

“ಮೇಡಂ, ಕಡೂರು ನಮ್ಮ ಊರು, ನಾರಾಯಣ ನಮ್ಮಪ್ಪ.”

“ಊರು ಕೇಳಲಿಲ್ಲ. ಆಡನಾವ್.”

“ಇಲ್ಲ ಮೇಡಂ.”

ಅವರು ನನ್ನನ್ನು ಕಿಡ್ನಿ ಇಲ್ಲದವನನ್ನು ನೋಡುವ ಹಾಗೆ ನೋಡಿದರು. ಆ ಕಾಲಂ ಮುಂದೆ ಕೆಂಪು ಚುಕ್ಕೆ ಇತ್ತು, ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಕೆ. ಎನ್. ರಾಘವೇಂದ್ರ. ಆಧಾರ್‌ನಲ್ಲಿ ರಾಘವೇಂದ್ರ ನಾರಾಯಣ ಕಡೂರು. ರೇಷನ್ ಕಾರ್ಡಿನಲ್ಲಿ ಯಾವನೋ ಪುಣ್ಯಾತ್ಮ ಕನಿಕರಪಟ್ಟು ರಾವ್ ರಾಘವೇಂದ್ರ ನಾರಾಯಣ ಅಂತ ಬರೆದುಕೊಟ್ಟಿದ್ದ. ಮೂರು ಜನ ಬಂದು ಒಂದು ಸೀಟು ಕೇಳಿದ ಹಾಗಾಯಿತು.

“ಮೂವರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ. ಮತ್ತೆ ಡಿಗ್ರಿ ಆಗಿ 24 ವರ್ಷ ಆಗಿದೆ. ಗ್ಯಾಪ್ ಅಫಿಡವಿಟ್ ಬೇರೆ.”

ಗ್ಯಾಪ್ ಅಫಿಡವಿಟ್ ಗೊತ್ತಲ್ಲ? ಓದು ನಿಲ್ಲಿಸಿದ ಮೇಲೆ ಬೇರೆಲ್ಲೂ ಸೇರಿಲ್ಲ, ಕೆಟ್ಟ ಕೆಲಸಕ್ಕೂ ಕೈ ಹಾಕಿಲ್ಲ ಅಂತ ಪ್ರಮಾಣ ಮಾಡುವುದು. ಮಾಡಿದ್ದಕ್ಕೆ ದಾಖಲೆ ಕೇಳುವುದು ಹಳೇ ಪದ್ಧತಿ. ಇಲ್ಲಿ ಮಾಡದೇ ಇದ್ದದ್ದಕ್ಕೆ ದಾಖಲೆ. ಕೋರ್ಟಿನ ಹೊರಗೆ ಕೊಡೆಯ ಕೆಳಗೆ ಕೂತಿದ್ದ ನೋಟರಿ ನನ್ನ ಮುಖವನ್ನೂ ನೋಡಲಿಲ್ಲ, ಕಾಗದವನ್ನೂ ಓದಲಿಲ್ಲ. ‘ನನ್ನ ಸಮಕ್ಷಮ’ ಅನ್ನುವ ಮೊಹರು ಮಾತ್ರ ಎರಡು ಸಲ ಹೊಡೆದರು. ಮನೆಗೆ ತಂದು ತೋರಿಸಿದೆ. ಹೆಂಡತಿ ನಿಧಾನವಾಗಿ ಓದಿ, “ಇದನ್ನೇ ನಾನು ಇಷ್ಟು ವರ್ಷ ಹೇಳಿದರೆ ಜಗಳ ಅಂತಿದ್ರಿ” ಅಂದಳು.

ಛಾಪಾ ಕಾಗದದ ಕತೆಯೇ ಬೇರೆ. 100 ರೂಪಾಯಿಯದ್ದು ನಡೆಯುತ್ತಿತ್ತು, 2024ರ ಅಕ್ಟೋಬರ್‌ನಲ್ಲಿ ಅದನ್ನು 500 ಮಾಡಿದರು. ವಿದ್ಯಾರ್ಥಿಗಳು ಸರ್ಟಿಫಿಕೇಟಿಗಾಗಿ ಕೊಡುವ ಅಫಿಡವಿಟ್‌ಗೆ ಅದು ಮಾಫಿ ಅಂತ ಮರುವರ್ಷ ಸರ್ಕಾರವೇ ಸಾರಿತು. ಆ ಪೇಪರ್ ಕಟಿಂಗ್ ಹಿಡಿದು ಬಿಳಿ ಹಾಳೆಯಲ್ಲೇ ಬರೆಸಿಕೊಂಡು ಹೋದೆ. ಕಾನೂನು ಕಲಿಸುವ ಜಾಗ, ಕಾನೂನು ಗೊತ್ತಿರುತ್ತದೆ ಅಂತ ನನ್ನ ಲೆಕ್ಕ.

“ಸರ್ಕಾರಕ್ಕೆ ಬೇಡದೆ ಇರಬಹುದು. ಫೈಲಿಗೆ ಬೇಕು” ಅಂದರು ಮೇಡಂ.

ಕಿಟಕಿಯ ಮೇಲೆ ಅಂಬೇಡ್ಕರರ ಫೋಟೋ ಇತ್ತು. ಇದೇ ಮುಂಬಯಿಯಲ್ಲಿ, 1855ರಲ್ಲಿ ಶುರುವಾದ ಗವರ್ನಮೆಂಟ್ ಲಾ ಕಾಲೇಜಿಗೆ 1935ರಲ್ಲಿ ಪ್ರಿನ್ಸಿಪಾಲರಾದವರು. ಕ್ಯೂನಲ್ಲಿ ನಿಂತು ಅವರ ಫೈಲನ್ನು ಮನಸ್ಸಿನಲ್ಲೇ ಈ ಮೇಡಂ ಮುಂದಿಟ್ಟೆ. ಮನೆತನದ ಹೆಸರು ಸಕ್ಪಾಲ್, ಶಾಲೆಯ ದಾಖಲೆಯಲ್ಲಿ ಅಂಬೇಡ್ಕರ್. ಹೆಸರು ತಾಳೆ ಇಲ್ಲ. ಸ್ಕಾಲರ್‌ಶಿಪ್ ಅವಧಿ ಮುಗಿದು 1917ರಲ್ಲಿ ಲಂಡನ್ ಬಿಟ್ಟರು, ಮತ್ತೆ ಹೋಗಿದ್ದು 1920ರಲ್ಲಿ. ಮೂರು ವರ್ಷ ಗ್ಯಾಪ್. ಕೊಲಂಬಿಯಾದ ಮೈಗ್ರೇಶನ್ ಸರ್ಟಿಫಿಕೇಟ್ ಎಲ್ಲಿ? ಸಂವಿಧಾನ ಆಮೇಲೆ ಬರೆಯೋಣ, ಮೊದಲು ಇದನ್ನು ಎರಡು ಕಾಪಿ ಜೆರಾಕ್ಸ್ ಮಾಡಿಸಿಕೊಂಡು ಬನ್ನಿ.

ಅಂತೂ ಸೀಟು ಸಿಕ್ಕಿತು. ಸೀಟು ಹಂಚುವ ಕ್ಯಾಪ್ ರೌಂಡ್ ಒಂದರ ಮೇಲೊಂದು ಮುಗಿದು ಕ್ಲಾಸ್ ಶುರುವಾಗುವ ಹೊತ್ತಿಗೆ ಮಳೆಗಾಲ ಹೋಗಿ ಲೋಕಲ್ ಟ್ರೇನ್ ಟೈಮಿಗೆ ಬರತೊಡಗಿತ್ತು. ಪರೀಕ್ಷೆಯ ತಾರೀಕೂ ಹತ್ತಿರದಲ್ಲೇ ಇತ್ತು. ಹಾಜರಿ ಮಾತ್ರ ಶೇಕಡ 70 ಬೇಕೇ ಬೇಕು ಅಂದರು. 2024ರಲ್ಲಿ ಬಾರ್ ಕೌನ್ಸಿಲ್ ಬಯೋಮೆಟ್ರಿಕ್ ಹಾಕಿ, ಸಿಸಿಟಿವಿ ಹಾಕಿ ಅಂತ ಸುತ್ತೋಲೆ ಕಳಿಸಿದೆ. ವಿದ್ಯಾರ್ಥಿಯ ಮೇಲೆ ಕೇಸು ಇದೆಯಾ, ಅವನು ಕೆಲಸದಲ್ಲಿದ್ದಾನಾ ಅಂತಲೂ ಬರೆಸಿಕೊಳ್ಳಬೇಕು. ನಮ್ಮಲ್ಲಿ ಬೆರಳೊತ್ತುವ ಯಂತ್ರ ಬಂದಿದೆ, ಮೇಷ್ಟ್ರು ಬರಬೇಕು.

ನಮ್ಮಪ್ಪನೂ ಓದಿದ್ದು ಇದೇ ಊರಲ್ಲೇ. ನನ್ನನ್ನು ಅಜ್ಜಿಯ ಹತ್ತಿರ ಕಡೂರಿನಲ್ಲಿ ಬಿಟ್ಟು ಇಲ್ಲಿಗೆ ಬಂದವರು. ಹಗಲು ಮಾಟುಂಗಾದ ಹೋಟೆಲಿನಲ್ಲಿ ಟೇಬಲ್ ಒರೆಸುವುದು, ರಾತ್ರಿ ಫೋರ್ಟಿನ ಕನ್ನಡ ಶಾಲೆ. ಆ ಕಾಲದಲ್ಲಿ ರಾತ್ರಿ ಶಾಲೆ ಕಲಿತ ಹೋಟೆಲ್ ಹುಡುಗರು ಎಷ್ಟೋ ಜನ ಮುಂದೆ ಬಂದರು. ಅಪ್ಪನಿಗೆ ವಕೀಲರಾಗುವ ಆಸೆ ಇತ್ತು, ಮ್ಯಾಟ್ರಿಕ್‌ಗೇ ನಿಂತಿತು. ಈಗಿನ ನಿಯಮದಲ್ಲಿ ಲಾ ಕಾಲೇಜು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ಪಾಠ ಮುಗಿಸಬೇಕು. ಹಗಲು ಟೇಬಲ್ ಒರೆಸುವವನು ಕಾನೂನಿನ ಗೋಜಿಗೆ ಹೋಗದಿದ್ದರೆ ಸಾಕು ಅಂತ ಇರಬೇಕು.

ಪರೀಕ್ಷೆ ಬರೆದು ಕಾಯುತ್ತಾ ಕೂತೆ. ಮುಂಬಯಿ ವಿಶ್ವವಿದ್ಯಾಲಯ 2017ರಲ್ಲಿ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಮೇಲೆ ತಿದ್ದಿಸಲು ಹೋಗಿತ್ತು. ಜುಲೈ 31ರ ಗಡುವು ದಾಟಿದರೂ ರಿಸಲ್ಟ್ ಬರಲಿಲ್ಲ, ಅಕ್ಟೋಬರ್‌ನಲ್ಲಿ ಕುಲಪತಿಗಳೇ ಮನೆಗೆ ಹೋದರು. ಅದಕ್ಕೆ ಹೋಲಿಸಿದರೆ ನನ್ನದು ಬೇಗನೇ ಬಂತು ಅನ್ನಬೇಕು. ಕಾಂಟ್ರ್ಯಾಕ್ಟ್ ಪಾಸು. ಟಾರ್ಟ್‌ನಲ್ಲಿ ಕೇಟಿ. ಅಂದರೆ ಆ ಪೇಪರ್ ಮತ್ತೆ ಬರೆಯಬೇಕು. ಮುಂಬಯಿಯಲ್ಲಿ ಯಾರೂ ಫೇಲಾಗುವುದಿಲ್ಲ, ಕೇಟಿ ಬೀಳುತ್ತದೆ ಅಷ್ಟೇ.

ಮಾರ್ಕ್ಸ್ ಕಾರ್ಡ್ ಮೇಲೆ ಹೆಸರು ನೋಡಿದೆ. ಕಡೂರು ನಾರಾಯಣ.

ಮತ್ತೆ ಕಿಟಕಿಗೆ ಹೋದೆ. “ಮೇಡಂ, ಇದು ನಮ್ಮಪ್ಪನ ಹೆಸರು.”

“ತಿದ್ದುಪಡಿಗೆ ಕಾರ್ಡಿನಲ್ಲಿ ಹೆಸರಿರುವವರೇ ಖುದ್ದಾಗಿ ಬಂದು ಅರ್ಜಿ ಕೊಡಬೇಕು.”

“ಅವರು ತೀರಿಕೊಂಡು ಹನ್ನೊಂದು ವರ್ಷ ಆಯಿತು ಮೇಡಂ.”

ಮೇಡಂ ತಲೆ ಎತ್ತಿ ನೋಡಿದರು. ದನಿಯೂ ಸ್ವಲ್ಪ ಮೆತ್ತಗಾಗಿತ್ತು.

“ಹನ್ನೊಂದು ವರ್ಷವಾ? ಹಾಗಾದರೆ ಗ್ಯಾಪ್ ಅಫಿಡವಿಟ್ ಬೇಕಾಗುತ್ತದೆ.”