ಹತ್ತು ಕುದುರೆಯಾಳುಗಳ ಒಡೆಯ, ರಾಣಿಯ ಗಂಡ: ಇಬೆಲಿನ್‌ನ ಬಾಲಿಯನ್

1187ರಲ್ಲಿ ಜೆರುಸಲೇಮನ್ನು ಈಜಿಪ್ಟ್ ಮತ್ತು ಸಿರಿಯಾದ ಸುಲ್ತಾನ ಸಲಾಹುದ್ದೀನನಿಗೆ ಒಪ್ಪಿಸಿದ ಕ್ರುಸೇಡ್ ಸೇನಾನಿ ಬಾಲಿಯನ್ ಯಾರು ಅಂತ ಕೇಳಿದರೆ ‘ಕಿಂಗ್‌ಡಮ್ ಆಫ್ ಹೆವನ್’ ಸಿನಿಮಾ ನೋಡಿದವರು ಫ್ರಾನ್ಸಿನಿಂದ ಬಂದ ಕಮ್ಮಾರ ಅನ್ನುತ್ತಾರೆ. ಅವನು ಸುತ್ತಿಗೆ ಹಿಡಿದವನಲ್ಲ. ಪ್ಯಾಲೆಸ್ಟೈನಿನಲ್ಲೇ ನೆಲೆಯೂರಿದ್ದ ಜಹಗೀರುದಾರರ ಮನೆಯ ಕಿರಿಮಗ. ನನ್ನ ಪ್ರಕಾರ ಈ ಮನುಷ್ಯನನ್ನು ತಿಳಿಯಬೇಕಾದರೆ ಯುದ್ಧಗಳ ಪಟ್ಟಿಯನ್ನು ಸ್ವಲ್ಪ ಬದಿಗಿಟ್ಟು, ಆ ಮನೆಯಲ್ಲಿ ಯಾರು ಯಾರನ್ನು ಮದುವೆಯಾದರು, ಯಾವ ಊರು ಯಾರ ಕಡೆಯಿಂದ ಬಂತು ಅಂತ ನೋಡಬೇಕು.

ತಂದೆ ಬರಿಸಾನ್ ಯಾಫಾದ ದಂಡನಾಯಕ. ಅಸ್ಕಲಾನ್ ಕೋಟೆ ಆಗ ಈಜಿಪ್ಟಿನ ಫಾತಿಮಿದರ ಕೈಯಲ್ಲಿತ್ತು. ಅಲ್ಲಿಂದ ಬರುವ ದಾಳಿಕೋರರನ್ನು ತಡೆಯಲು ಜೆರುಸಲೇಮಿನ ಕ್ರೈಸ್ತ ರಾಜ ಫುಲ್ಕ್ 1141ರ ಹೊತ್ತಿಗೆ ಇಬೆಲಿನ್‌ನಲ್ಲಿ ಕೋಟೆ ಕಟ್ಟಿಸಿ ಬರಿಸಾನನಿಗೆ ಕೊಟ್ಟ. ಮನೆತನದ ಹೆಸರು ಬಂದದ್ದು ಅಲ್ಲಿಂದ. ಆದರೆ ಜಾಗ ಚಿಕ್ಕದು. ಎಷ್ಟು ಚಿಕ್ಕದು ಅಂದರೆ, ಬಾಲಿಯನ್ನನ ಮೊಮ್ಮಗ, ಯಾಫಾದ ಕೌಂಟ್ ಜಾನ್, 1260ರ ದಶಕದಲ್ಲಿ ಬರೆದ ಕಾನೂನು ಗ್ರಂಥದಲ್ಲಿ ಹಳೆಯ ರಾಜ್ಯದ ಯಾವ ಜಹಗೀರು ರಾಜನಿಗೆ ಎಷ್ಟು ನೈಟ್‌ಗಳನ್ನು, ಅಂದರೆ ಕುದುರೆಯೇರಿದ ಯೋಧರನ್ನು, ಒದಗಿಸಬೇಕಿತ್ತು ಅಂತ ಪಟ್ಟಿ ಕೊಟ್ಟಿದ್ದಾನೆ: ಇಬೆಲಿನ್ 10, ರಾಮ್ಲಾ ಮತ್ತು ಮಿರಾಬೆಲ್ ಸೇರಿ 40, ನಾಬ್ಲಸ್ 85. ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ರಾಮ್ಲಾ ಬಂದದ್ದು ತಾಯಿ ಹೆಲ್ವಿಸ್ ಕಡೆಯಿಂದ. ಮೂವರು ಗಂಡುಮಕ್ಕಳು: ಹ್ಯೂ, ಬಾಲ್ಡ್ವಿನ್, ಬಾಲಿಯನ್. ಹಿರಿಯ ಹ್ಯೂ ಮಕ್ಕಳಿಲ್ಲದೆ ಸತ್ತ. ಎರಡನೆಯವನು ದೊಡ್ಡ ಜಹಗೀರನ್ನು ತಾನಿಟ್ಟುಕೊಂಡು ಇಬೆಲಿನ್ನನ್ನು ತಮ್ಮನಿಗೆ ಬಿಟ್ಟ. ಹತ್ತು ನೈಟ್‌ಗಳ ಒಡೆಯ ರಾಜಸಭೆಯಲ್ಲಿ ಬಾಯಿ ಬಿಟ್ಟರೆ ಕೇಳುವವರು ಕಡಿಮೆ.

1177ರಲ್ಲಿ ಎಲ್ಲ ಬದಲಾಯಿತು. ರಾಜ ಅಮಾಲ್ರಿಕ್ 1174ರಲ್ಲಿ ತೀರಿಕೊಂಡಿದ್ದ. ಅವನ ವಿಧವೆ ಮರಿಯಾ ಕೊಮ್ನೆನಾ ಬೈಜಾಂಟಿಯಮ್ ಚಕ್ರವರ್ತಿ ಮ್ಯಾನ್ಯುಯೆಲ್ಲನ ಅಣ್ಣನ ಮೊಮ್ಮಗಳು. ಆಕೆಯ ಜೀವನಕ್ಕೆಂದು ಬಿಟ್ಟುಕೊಟ್ಟದ್ದು ನಾಬ್ಲಸ್. ಮಲಮಗ, ಕುಷ್ಠರೋಗಿ ರಾಜ 4ನೇ ಬಾಲ್ಡ್ವಿನ್, ಒಪ್ಪಿಗೆ ಕೊಟ್ಟ ಮೇಲೆ ಆಕೆ ಮದುವೆಯಾದದ್ದು ಬಾಲಿಯನ್ನನನ್ನು. ಒಂದೇ ಮದುವೆಯಲ್ಲಿ 10 ನೈಟ್‌ಗಳ ಕಿರಿಮಗ 85 ನೈಟ್‌ಗಳ ನಾಬ್ಲಸ್ಸಿನ ಒಡೆಯನಾದ, ಜೊತೆಗೆ ಮರಿಯಾ ಮತ್ತು ಅಮಾಲ್ರಿಕರ ಮಗಳು, ರಾಜಕುಮಾರಿ ಇಸಾಬೆಲ್ಲಾಳ ಮಲತಂದೆ. ಆದರೆ ಇದರಲ್ಲೊಂದು ತೊಡಕಿದೆ. ವಿಧವೆಯ ಪಾಲಿನ ಊರು ಆಕೆ ಬದುಕಿರುವವರೆಗೆ ಮಾತ್ರ. ಆಮೇಲೆ ಅದು ಬಾಲಿಯನ್ನನ ಮಕ್ಕಳಿಗೆ ಇಳಿಯುವುದಿಲ್ಲ. ಮಕ್ಕಳಿಗೆ ಆಸ್ತಿ ಬೇಕಾದರೆ ಅರಮನೆಯಲ್ಲಿ ತಮ್ಮವರು ಯಾರಾದರೂ ಇರಲೇಬೇಕು. ಅವನ ಮುಂದಿನ ಹದಿನೈದು ವರ್ಷದ ರಾಜಕೀಯವನ್ನು ನಾನು ಓದುವುದು ಹೀಗೆ.

1186ರಲ್ಲಿ 4ನೇ ಬಾಲ್ಡ್ವಿನ್ನನ ಅಕ್ಕ ಸಿಬಿಲ್ಲಾ ರಾಣಿಯಾಗಿ ತನ್ನ ಗಂಡ ಗೀ ದ ಲುಸಿನ್ಯಾನ್‌ಗೆ ಕಿರೀಟ ತೊಡಿಸಿದಾಗ ಬಾಲಿಯನ್ನನ ಅಣ್ಣ ಬಾಲ್ಡ್ವಿನ್ ಗೀಗೆ ನಿಷ್ಠೆಯ ಪ್ರಮಾಣ ಮಾಡಲಾರೆ ಅಂತ ಜಹಗೀರನ್ನೇ ಬಿಟ್ಟು ಅಂಟಿಯೋಕಿಗೆ ನಡೆದುಬಿಟ್ಟ. ಸಣ್ಣ ಮಗ ಥಾಮಸನನ್ನು ತಮ್ಮನ ಕೈಗೆ ಒಪ್ಪಿಸಿ ಹೋದ. ಬಾಲಿಯನ್ ಪ್ರಮಾಣ ಮಾಡಿ ಉಳಿದ. ಅಣ್ಣನ ಹಟವನ್ನು ಹೊಗಳುವವರಿದ್ದಾರೆ. ನನಗೆ ಉಳಿದು ಊರು ನೋಡಿಕೊಂಡ ತಮ್ಮನೇ ಮೇಲು ಅನ್ನಿಸುತ್ತದೆ.

1187ರ ಏಪ್ರಿಲ್ ಕೊನೆಗೆ, ರಾಜ ಗೀಗೂ ಅವನ ಎದುರಾಳಿ, ಟ್ರಿಪೋಲಿಯ ಕೌಂಟ್ ರೇಮಂಡನಿಗೂ ರಾಜಿ ಮಾಡಿಸಲು ಹೊರಟ ನಿಯೋಗದಲ್ಲಿ ಬಾಲಿಯನ್ ಇದ್ದ. ದಾರಿಯಲ್ಲಿ ಮನೆಗೆಲಸ ಅಂತ ನಾಬ್ಲಸ್ಸಿನಲ್ಲಿ ನಿಂತ. ರಾತ್ರಿ ಹೊರಟು ಸೆಬಾಸ್ಟೆ ತಲುಪಿದಾಗ ಬೆಳಗಾದರೆ ಹಬ್ಬ ಅಂತ ನೆನಪಾಗಿ, ಬಿಷಪ್ಪನನ್ನು ಎಬ್ಬಿಸಿ, ಪೂಜೆ ಮುಗಿಯುವವರೆಗೆ ಅಲ್ಲೇ ಉಳಿದ. ಮುಂದೆ ಲಾ ಫೆವ್ ಕೋಟೆಯ ಹತ್ತಿರ ಬಂದರೆ ಗುಡಾರಗಳು ನಿಂತಿವೆ, ಜನರಿಲ್ಲ. ಪರಿಚಾರಕ ಎರ್ನೂಲ್‌ನನ್ನು ಒಳಗೆ ಕಳಿಸಿದ. ಎರ್ನೂಲ್ ಕೋಟೆಯನ್ನೆಲ್ಲಾ ಕೂಗುತ್ತಾ ಸುತ್ತಿದ. ಸಿಕ್ಕವರು ಒಂದು ಕೋಣೆಯಲ್ಲಿ ಮಲಗಿದ್ದ ಇಬ್ಬರು ರೋಗಿಗಳು, ಅವರಿಗೆ ಏನೂ ಗೊತ್ತಿಲ್ಲ. ಉಳಿದವರು ಅದೇ ಮೇ 1ರಂದು ಕ್ರೆಸ್ಸಾನ್ ಚಿಲುಮೆಯ ಬಳಿ ಸಲಾಹುದ್ದೀನನ ಪಡೆಯ ಕೈಯಲ್ಲಿ ಸತ್ತುಬಿದ್ದಿದ್ದರು. ಇಷ್ಟು ವಿವರ ನಮಗೆ ಸಿಗುವುದು ಆ ಎರ್ನೂಲ್ ಹೆಸರಿನ ವೃತ್ತಾಂತದಿಂದಲೇ. ಅಂದರೆ ಬಾಲಿಯನ್ನನ ಬಗ್ಗೆ ನಾವು ಕೇಳುವ ಒಳ್ಳೆಯ ಮಾತುಗಳಲ್ಲಿ ಬಹುಪಾಲು ಅವನ ಮನೆಯ ಅನ್ನ ಉಂಡವನದು. ಅಷ್ಟು ಉಪ್ಪು ಕಳೆದು ಓದಬೇಕು.

ಜುಲೈ 4ರಂದು ಸಲಾಹುದ್ದೀನ್ ರಾಜ್ಯದ ಸೇನೆಯನ್ನು ಮುರಿದ ಹಟ್ಟೀನ್ ಕದನದಲ್ಲಿ ಹಿಂದಣ ಪಡೆ ಬಾಲಿಯನ್ನನದು. ತಪ್ಪಿಸಿಕೊಂಡು ಟೈರ್ ಸೇರಿದ. ಜೆರುಸಲೇಮಿಗೆ ಹೋಗಲು ಸಲಾಹುದ್ದೀನನ ಅನುಮತಿ ಕೇಳಿದ್ದು ಹೆಂಡತಿ ಮಕ್ಕಳನ್ನು ಕರೆತರಲು. ಷರತ್ತು: ಒಂದೇ ರಾತ್ರಿ ತಂಗಬೇಕು, ಆಯುಧ ಹಿಡಿಯಬಾರದು. ಹೋದ ಮೇಲೆ ಜನ ಬಿಡಲಿಲ್ಲ, ಕ್ರೈಸ್ತ ಧರ್ಮಾಧ್ಯಕ್ಷ ಹೆರಾಕ್ಲಿಯಸ್ ಪ್ರಮಾಣದಿಂದ ಬಿಡುಗಡೆ ಕೊಟ್ಟ. ಸಲಾಹುದ್ದೀನ್ ಸಿಟ್ಟಾಗುವ ಬದಲು ಬೆಂಗಾವಲು ಕೊಟ್ಟು ಮರಿಯಾ ಮತ್ತು ಮಕ್ಕಳನ್ನು ಟ್ರಿಪೋಲಿಗೆ ಕಳಿಸಿದ. ಊರಲ್ಲಿ ನೈಟ್‌ಗಳು ಬೆರಳೆಣಿಕೆ. ಬಾಲಿಯನ್ ಸುಮಾರು 60 ಜನಕ್ಕೆ ನೈಟ್ ಪಟ್ಟ ಕಟ್ಟಿದ, ಯೇಸುವಿನ ಸಮಾಧಿಯ ಮೇಲಿನ ಬೆಳ್ಳಿ ಕಿತ್ತು ಸಂಬಳಕ್ಕೆ ನಾಣ್ಯ ಹೊಡೆಸಿದ.

ಸೆಪ್ಟೆಂಬರ್ 29ಕ್ಕೆ ಸಲಾಹುದ್ದೀನನ ಮುತ್ತಿಗೆಗೆ ಊರಿನ ಗೋಡೆ ಬಿರಿಯಿತು. ಮಾತುಕತೆಗೆ ಹೋದ ಬಾಲಿಯನ್ ಒಡ್ಡಿದ ಬೆದರಿಕೆಯನ್ನು ಅವನ ಅಭಿಮಾನಿಗಳು ಹೇಳುವುದಿಲ್ಲ: ಅಭಯ ಕೊಡದಿದ್ದರೆ ನಮ್ಮ ಹೆಂಡಿರು ಮಕ್ಕಳನ್ನೂ ನಮ್ಮಲ್ಲಿರುವ 5,000 ಮುಸ್ಲಿಂ ಸೆರೆಯಾಳುಗಳನ್ನೂ ಕೊಂದು, ಬಂಡೆಯ ಗುಮ್ಮಟವನ್ನೂ ಅಲ್ ಅಕ್ಸಾವನ್ನೂ ಕೆಡವಿ ಸಾಯುತ್ತೇವೆ ಅಂದ. ಜನರ ಬಿಡುಗಡೆಗೆ ದರ ಕುದುರಿತು. ಗಂಡಸಿಗೆ 10 ದಿನಾರ್, ಹೆಂಗಸಿಗೆ 5, ಮಗುವಿಗೆ 1. ಗಡುವು 40 ದಿನ. ಬಡವರ ಪೈಕಿ 7,000 ಜನಕ್ಕೆ ಒಟ್ಟಾಗಿ 30,000 ದಿನಾರ್. ಈ ಹಣ ಬಂದದ್ದು ಇಂಗ್ಲೆಂಡಿನ 2ನೇ ಹೆನ್ರಿ ಹಾಸ್ಪಿಟಲರ್ ಎಂಬ ಸನ್ಯಾಸಿ ಯೋಧರ ಸಂಘದ ಬಳಿ ಇಟ್ಟಿದ್ದ ಗಂಟಿನಿಂದ.

ವಸೂಲಿ ಕಂಗೆಟ್ಟಿತು. ಸಲಾಹುದ್ದೀನನ ಕಾರ್ಯದರ್ಶಿ ಇಮಾದುದ್ದೀನ್ ದೂರಿಕೊಳ್ಳುತ್ತಾನೆ: ಗುಮಾಸ್ತರು ಲಂಚ ತಿಂದರು, ಕೆಲವರನ್ನು ಹಗ್ಗ ಕಟ್ಟಿ ಗೋಡೆಯಿಂದ ಇಳಿಸಿದರು, ಸರದಾರರು ಇವರು ನಮ್ಮ ಪ್ರಜೆಗಳು ಅಂತ ಜನರನ್ನು ಬಿಡಿಸಿಕೊಂಡರು. ಹೆರಾಕ್ಲಿಯಸ್ ತನ್ನ ಪಾಲಿನ 10 ದಿನಾರ್ ಕಟ್ಟಿ ಸಂಪತ್ತಿನ ಸಮೇತ ಹೊರಟ. ಕೊನೆಗೆ ಹಣವಿಲ್ಲದೆ ಗುಲಾಮರಾದವರು ಸುಮಾರು 15,000. ಸುಂದರವಾದ ಶರಣಾಗತಿ ಅಂತ ಬರೆಯುವವರು ಈ ಸಂಖ್ಯೆಯನ್ನೂ ಪಕ್ಕದಲ್ಲೇ ಬರೆಯಬೇಕು.

1190ರಲ್ಲಿ ಸಿಬಿಲ್ಲಾ, ಕ್ರೈಸ್ತರು ಅಕ್ಕೋ ಊರಿಗೆ ಹಾಕಿದ್ದ ಮುತ್ತಿಗೆಯ ಶಿಬಿರದಲ್ಲಿ ತೀರಿಕೊಂಡಳು. ಈಗ ವಾರಸುದಾರಳು ಇಸಾಬೆಲ್ಲಾ. ಆಕೆಗೆ ಗಂಡ ಹಂಫ್ರಿ ಇದ್ದ, ಅವನ ಮೇಲೆ ಪ್ರೀತಿಯೂ ಇತ್ತು. ಆದರೆ ಯುದ್ಧ ನಡೆಸುವ ತಾಕತ್ತಿನವನು ಅವನಲ್ಲ ಅಂತ ಮರಿಯಾ ಮತ್ತು ಬಾಲಿಯನ್ ತೀರ್ಮಾನಿಸಿದರು. ನಿಶ್ಚಿತಾರ್ಥ ಎಂಟನೇ ವಯಸ್ಸಿನಲ್ಲಿ ಬಲವಂತವಾಗಿ ಆದದ್ದು ಅಂತ ತಾಯಿಯೇ ಸಾಕ್ಷಿ ಹೇಳಿ ಮದುವೆ ಮುರಿಸಿದಳು. ನವೆಂಬರ್ 24ರಂದು ಹದಿನೆಂಟರ ಹುಡುಗಿಯನ್ನು ಮಾಂಟ್‌ಫೆರಾಟಿನ ಕಾನ್ರಾಡನಿಗೆ ಕೊಟ್ಟರು. ಇಡೀ ಕತೆಯಲ್ಲಿ ನನಗೆ ಒಗ್ಗದ ಭಾಗ ಇದು, ಲೆಕ್ಕಾಚಾರ ಎಷ್ಟೇ ಸರಿಯಿದ್ದರೂ. 1192ರ ಏಪ್ರಿಲ್‌ನಲ್ಲಿ ಕಾನ್ರಾಡ್ ಟೈರ್ ಬೀದಿಯಲ್ಲಿ ಕೊಲೆಯಾದ. ಒಂದು ವಾರದಲ್ಲಿ ಬಸುರಿ ಇಸಾಬೆಲ್ಲಾಳಿಗೆ ಮತ್ತೊಂದು ಮದುವೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಲಾಹುದ್ದೀನನಿಗೂ ಕ್ರುಸೇಡ್ ಸೇನೆಗೂ ಆದ ಯಾಫಾ ಒಪ್ಪಂದದ ಮಾತುಕತೆಯಲ್ಲೂ ಬಾಲಿಯನ್ ಇದ್ದ. ಇಬೆಲಿನ್ ವಾಪಸು ಬರಲಿಲ್ಲ. ಬದಲಿಗೆ ಸಲಾಹುದ್ದೀನ್ ಕೈಮಾಂಟ್ ಎಂಬ ಸಣ್ಣ ಜಹಗೀರು ಕೊಟ್ಟ. ಮರುವರ್ಷ, 1193ರಲ್ಲಿ, ಬಾಲಿಯನ್ ತೀರಿಕೊಂಡ. ಮರಿಯಾ 1217ರವರೆಗೂ ಬದುಕಿದಳು. ಅರಮನೆಯ ನಂಟು ಫಲ ಕೊಟ್ಟದ್ದು ಮಕ್ಕಳ ಕಾಲಕ್ಕೆ. ತಾಯಿ ಒಬ್ಬಳೇ ಆದ ಅಕ್ಕ ಇಸಾಬೆಲ್ಲಾ ರಾಣಿಯಾಗಿದ್ದಾಗ ಹಿರಿಮಗ ಜಾನ್‌ಗೆ ಬೇರೂತ್ ಸಿಕ್ಕಿತು, ಆಕೆ 1205ರಲ್ಲಿ ಸತ್ತ ಮೇಲೆ ರಾಜ್ಯದ ಉಸ್ತುವಾರಿಯೂ ಬಂತು. ಕಿರಿಮಗ ಫಿಲಿಪ್ ಸೈಪ್ರಸ್ಸಿನ ಆಡಳಿತ ನಡೆಸಿದ. 1228ರಲ್ಲಿ ಚಕ್ರವರ್ತಿ 2ನೇ ಫ್ರೆಡರಿಕ್ ಲಿಮಸೋಲ್‌ನ ಔತಣದಲ್ಲಿ ಬೇರೂತನ್ನು ಬಿಟ್ಟುಕೊಡು, ಸೈಪ್ರಸ್ಸಿನ ಆದಾಯದ ಲೆಕ್ಕ ಒಪ್ಪಿಸು ಅಂತ ಸುತ್ತ ಸಿಪಾಯಿಗಳನ್ನು ನಿಲ್ಲಿಸಿ ಕೇಳಿದಾಗ, ಜಾನ್ ಬಗ್ಗಲಿಲ್ಲ. ತಕರಾರಿದ್ದರೆ ರಾಜ್ಯದ ಉಚ್ಚ ನ್ಯಾಯಸಭೆಯಲ್ಲಿ ಇತ್ಯರ್ಥವಾಗಲಿ ಅಂದ.