ಎದೆ ಡವಡವ ಅಂದ್ರೆ ಟೋಕನ್ ಕೊಡಬಹುದೇ?

ಮೈಸೂರಿನಲ್ಲಿ ಸೈಟು ನೋಡುವ ಭಾನುವಾರಕ್ಕೆ ಒಂದು ಕ್ರಮವಿದೆ. ಬೆಳಿಗ್ಗೆ ಮಸಾಲೆ ದೋಸೆ, ಮೇಲೊಂದು ಸ್ಟ್ರಾಂಗ್ ಕಾಫಿ, ಬ್ರೋಕರ್ ಕಾರಿನಲ್ಲಿ ರಿಂಗ್ ರೋಡ್ ದಾಟುವುದು, ಬಿಸಿಲಲ್ಲಿ ನಾಲ್ಕು ಕಲ್ಲುಗಳ ನಡುವೆ ನಿಂತು ದೇವರಮನೆ ಎಲ್ಲಿ ಬರುತ್ತದೆಂದು ಕೈ ತೋರಿಸುವುದು. ಆಗ ಬ್ರೋಕರ್ ಬಾಯಿಬಿಡುತ್ತಾನೆ: "ಸಾರ್, ಕಾರ್ನರ್ ಸೈಟು. ಮಧ್ಯಾಹ್ನ ಇನ್ನೊಂದು ಪಾರ್ಟಿ ಬರ್ತಾವ್ರೆ. ಟೋಕನ್ ಅಡ್ವಾನ್ಸ್ ಹಾಕ್ಬಿಡಿ." ಎದೆ ಡವಡವ, ಅಂಗೈ ಒದ್ದೆ, ಬಾಯಿ ಒಣಗಿದೆ. ಯಜಮಾನರು ಇದನ್ನು ಖುಷಿ ಅಂದುಕೊಳ್ಳುತ್ತಾರೆ. ಮನೆಯವರ ಪ್ರಕಾರ ಇದು ಭಯ. ದೇಹವನ್ನು ಕೇಳಿದರೆ ಅದು ಇಬ್ಬರ ಕಡೆಗೂ ಸಾಕ್ಷಿ ಹೇಳುತ್ತದೆ.

ತಪ್ಪು ದೇಹದ್ದಲ್ಲ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಇಂಥ ಹೊತ್ತಲ್ಲಿ ಗೊತ್ತಿರುವುದು ಒಂದೇ ಕೆಲಸ. ಅಡ್ರಿನಲಿನ್ ಬಿಟ್ಟು ಎದೆಬಡಿತ ಏರಿಸುತ್ತವೆ. ಹೊಟ್ಟೆಯ ಕಡೆಗಿದ್ದ ರಕ್ತ ಕೈಕಾಲಿನ ಸ್ನಾಯುಗಳತ್ತ ತಿರುಗುತ್ತದೆ. ಹೊಟ್ಟೆಯಲ್ಲಿ ಏನೋ ಗುಳುಗುಳು ಅನ್ನುವುದು ಅದಕ್ಕೇ. ಕಾಲಿಂಗ್ ಬೆಲ್ ಒಂದೇ. ಬಂದವರು ನೆಂಟರೋ ಸಾಲದವರೋ ಬಾಗಿಲು ತೆಗೆದೇ ನೋಡಬೇಕು.

1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನೋವಿಜ್ಞಾನಿಗಳು ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯ ಮೇಲೆ ಇದನ್ನೇ ಪರೀಕ್ಷಿಸಿದರು. ಸೇತುವೆ 230 ಅಡಿ ಎತ್ತರದಲ್ಲಿ ತೂಗಾಡುತ್ತದೆ. ಅದನ್ನು ದಾಟುತ್ತಿದ್ದ ಗಂಡಸರ ಬಳಿ ಒಬ್ಬಳು ಯುವತಿ ಪ್ರಶ್ನೆ ಕೇಳಿ, ತನ್ನ ಫೋನ್ ನಂಬರ್ ಕೊಟ್ಟಳು. ನಂಬರ್ ಪಡೆದ 18 ಜನರಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ತಗ್ಗಿನ ಗಟ್ಟಿ ಸೇತುವೆಯಲ್ಲಿ ಹಾಗೆ ಮಾಡಿದವರು 16ರಲ್ಲಿ ಇಬ್ಬರೇ. ಎತ್ತರದ ನಡುಕವನ್ನು ಅವರು ಹುಡುಗಿಯ ಖಾತೆಗೆ ಜಮಾ ಮಾಡಿಕೊಂಡಿದ್ದರು. ನಮ್ಮ ಕಡೆ ಅದು ಕಾರ್ನರ್ ಸೈಟಿನ ಖಾತೆಗೆ ಬೀಳುತ್ತದೆ.

ಹಾಗಾಗಿ ಮೊದಲು ಕಳೆಯುವ ಲೆಕ್ಕ. ಕುಡಿದ ಕಾಫಿಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಎರಡು ಲೋಟ ಏರಿಸಿ, ಬಿಸಿಲಲ್ಲಿ ನಡೆದು, ಎದೆಬಡಿತವನ್ನು ದೈವಸಂಕೇತ ಅಂದುಕೊಳ್ಳಬಾರದು. ನೆರಳಲ್ಲಿ ಕೂತು ನೀರು ಕುಡಿಯಿರಿ. ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡಿ. ಹೊರಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಇಷ್ಟಕ್ಕೇ ಆಸೆಯೂ ಇಳಿದುಹೋದರೆ ಅದು ದೋಸೆ-ಕಾಫಿಯ ಆಸೆ.

ಇಳಿಯಲಿಲ್ಲವೇ? ಮನಸ್ಸಿನಲ್ಲೇ ಬ್ರೋಕರ್ ಕೈಲಿ ಫೋನ್ ಮಾಡಿಸಿ: "ಸಾರ್, ಸೈಟು ಹೋಯ್ತು." ಥಟ್ಟನೆ "ಸದ್ಯ!" ಅಂತ ಬಂದರೆ ಮುಗಿಯಿತು, ಮನೆಗೆ ಹೋಗಿ ಊಟ ಮಾಡಿ. "ಅಯ್ಯೋ" ಬಂದರೆ ಅದನ್ನೂ ಬಿಡಿಸಿ ನೋಡಬೇಕು. "ಅಯ್ಯೋ, ಅಲ್ಲಿ ನಿಂಬೆಗಿಡ ಹಾಕಬೇಕು ಅಂತಿದ್ದೆ" ಅನ್ನುವುದು ಆಸೆ. "ಅಯ್ಯೋ, ನನ್ನ ಷಡ್ಡಕ ತಗೊಂಡ್ಬಿಟ್ಟರೆ?" ಅನ್ನುವುದು ಖುಷಿಯ ಅಂಗಿ ತೊಟ್ಟ ಭಯ. ರಿಯಲ್ ಎಸ್ಟೇಟ್ ನಡೆಯುವುದೇ ಈ ಎರಡನೆಯ ಅಯ್ಯೋ ಮೇಲೆ.

ಭಯಕ್ಕೂ ಊರೂರಿಗೆ ವೇಷ ಬೇರೆ. ಮೈಸೂರಿನಲ್ಲಿ ಅದು ಪಂಚಾಂಗ ಹಿಡಿದು ಬರುತ್ತದೆ: "ಆಷಾಢ ಕಳೀಲಿ, ನೋಡೋಣ." ಶ್ರಾವಣ ಬಂದರೆ ರಾಹುಕಾಲ ಇದ್ದೇ ಇದೆ. ಮಂಡ್ಯದಲ್ಲಿ ಎದೆ ತಟ್ಟಿಕೊಂಡು ಬರುತ್ತದೆ: "ಬುಡು ಅಣ್ಣ, ಆಗೋದು ಆಯ್ತದೆ!" ಅಷ್ಟು ಜೋರಾಗಿ ಹೇಳಿದವರು ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿರುತ್ತಾರೆ.

ಭಯವನ್ನು ಖುಷಿ ಎಂದು ಹೇಳಿಕೊಂಡರೆ ಆಯಿತು ಎಂಬ ಉಪಾಯವೊಂದಿದೆ. ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ ಅವರ 2014ರ ಅಧ್ಯಯನದಲ್ಲಿ ಹಾಗೆ ಹೇಳಿಕೊಂಡವರು ಹಾಡು, ಭಾಷಣ, ಗಣಿತದಲ್ಲಿ ಚೆನ್ನಾಗಿಯೇ ಮಾಡಿದರು. ಆದರೆ ಅದು ವೇದಿಕೆ ಹತ್ತುವುದು ಖಚಿತವಾದ ಮೇಲಿನ ಮದ್ದು. ಹತ್ತಬೇಕೋ ಬೇಡವೋ ಅನ್ನುವಾಗ ನುಂಗಿದರೆ ಕೆಲಸಕ್ಕೆ ಬರುವ ಭಯವನ್ನೂ ಓಡಿಸಿಬಿಡುತ್ತದೆ.

ಕೆಲಸಕ್ಕೆ ಬರುವ ಭಯಕ್ಕೆ ಪ್ರಶ್ನೆ ಕೇಳಲು ಬರುತ್ತದೆ. ಭೂ ಪರಿವರ್ತನೆ, ಅಂದರೆ ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಿಸುವ ಅನುಮತಿ, ಆಗಿದೆಯೇ? ಬಡಾವಣೆ ನಕ್ಷೆಗೆ ಅನುಮೋದನೆ ಇದೆಯೇ? ಖಾತೆ ಯಾರ ಹೆಸರಲ್ಲಿದೆ? ಋಣಭಾರ ಪತ್ರ (ಇ.ಸಿ.), ಅಂದರೆ ಸೈಟಿನ ಮೇಲೆ ನೋಂದಣಿಯಾದ ಮಾರಾಟ-ಅಡಮಾನಗಳ ಪಟ್ಟಿ, ಫಾರಂ 16ರಲ್ಲಿ ಬಂದರೆ "ವಹಿವಾಟೇ ಇಲ್ಲ, ಕ್ಲೀನು!" ಎಂದು ಕುಣಿಯುವವರಿದ್ದಾರೆ. ಅದು ಹೇಳುವುದು ನೀವು ಕೇಳಿದ ಅವಧಿಯ ಮಾತನ್ನಷ್ಟೇ. ಐದು ವರ್ಷಕ್ಕೆ ಅರ್ಜಿ ಹಾಕಿದರೆ ಆರನೇ ವರ್ಷದ ಅಡಮಾನ ಕಾಣುವುದಿಲ್ಲ. ಮೂವತ್ತು ವರ್ಷಕ್ಕೆ ತೆಗೆಸಿ. ನೋಂದಣಿಯಾಗದ ಕರಾರು ಅದರಲ್ಲೂ ಬರದು, ಅದಕ್ಕೇ ಮೂಲಪತ್ರಗಳನ್ನು ವಕೀಲರಿಗೆ ತೋರಿಸುವುದು. ಎಲ್ಲಕ್ಕೂ ಉತ್ತರ ಸಿಕ್ಕ ಮೇಲೂ "ಆದರೂ ಏನೋ ಒಂಥರಾ" ಅನ್ನುತ್ತಿದ್ದರೆ ಅದು ದುಡ್ಡು ಕೈಬಿಡುವ ಸಂಕಟ. ಅದಕ್ಕೆ ಯಾವ ಕಚೇರಿಯಲ್ಲೂ ಫಾರಂ ಇಲ್ಲ.

ಅಷ್ಟರಲ್ಲಿ ಬ್ರೋಕರ್ ಫೋನ್ ಬರುತ್ತದೆ: "ಸಾರ್, ಆ ಪಾರ್ಟಿ ರೆಡಿ ಅವ್ರೆ." "ಸಂತೋಷ, ಅವರಿಗೇ ಕೊಡಿ. ಅವರು ಬೇಡ ಅಂದ್ರೆ ಮೂಲಪತ್ರದ ಜೆರಾಕ್ಸ್ ಕಳಿಸಿ" ಅನ್ನಿ. ಆ ಪಾರ್ಟಿ ನಿಜವಾಗಿ ಇದ್ದರೆ ಅವರಿಗೆ ಶುಭವಾಗಲಿ. ಇಲ್ಲದಿದ್ದರೆ ಜೆರಾಕ್ಸ್ ಸಂಜೆಯೊಳಗೆ ವಾಟ್ಸಾಪ್‌ನಲ್ಲಿರುತ್ತದೆ.