ದೊಡ್ಡ ರಸ್ತೆಯಲ್ಲಿ 150 ಮೀಟರಿಗೊಂದು ಪಾದಚಾರಿ ಕ್ರಾಸಿಂಗ್ ಬೇಕೆ?

ಪರ

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಬಸ್ಸಿಳಿದರೆ ನಮ್ಮತ್ತೆಗೆ ಮನೆ ಎದುರಿಗೇ ಕಾಣುತ್ತದೆ. ವಯಸ್ಸು 72, ಮಂಡಿನೋವು. ದೂರದ ಸಿಗ್ನಲ್‌ವರೆಗೂ ಹೋಗಿ ದಾಟಿಕೊಂಡು ಬನ್ನಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಎರಡು ಕ್ರಾಸಿಂಗ್‌ಗಳ ನಡುವೆ 500 ಮೀಟರ್ ಅಂತರವಿದ್ದು ನೀವು ಸರಿಯಾಗಿ ಮಧ್ಯದಲ್ಲಿದ್ದರೆ, 250 ಮೀಟರ್ ಹೋಗಿ, ದಾಟಿ, ಆಚೆ ಬದಿಯಲ್ಲಿ ಮತ್ತೆ ಅಷ್ಟೇ ದೂರ ವಾಪಸ್ ಬರಬೇಕು. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೇ ಸುಮಾರು 7 ನಿಮಿಷ ಹಿಡಿಯುತ್ತದೆ. ಅತ್ತೆಗೆ 10 ದಾಟುತ್ತದೆ. 150 ಮೀಟರಿಗೊಂದಿದ್ದರೆ ಗಟ್ಟಿಗರಿಗೆ 2 ನಿಮಿಷದ ಮಾತು. ಅಷ್ಟು ದೂರ ಸುತ್ತುವ ಬದಲು ಜನ ರಸ್ತೆ ನಡುವಿನ ಮೀಡಿಯನ್ ಹತ್ತಿಳಿಯುತ್ತಾರೆ, ಬೇಲಿಯ ಕಂಬಿ ಕಿತ್ತಲ್ಲಿ ನುಸುಳುತ್ತಾರೆ. ಅವರನ್ನು ಶಿಸ್ತಿಲ್ಲದವರೆಂದು ಬೈಯುವುದು ಅನ್ಯಾಯ. ಕ್ರಾಸಿಂಗ್ ಎಲ್ಲಿರಬೇಕೆಂದು ಅವರ ಕಾಲುಗಳೇ ತೋರಿಸುತ್ತಿವೆ.

ಇದು ನನ್ನೊಬ್ಬಳ ಹಟವೂ ಅಲ್ಲ. ಅಂಗಡಿ, ಮನೆಗಳು ಬೆರೆತ ಕಡೆ 80ರಿಂದ 150 ಮೀಟರಿಗೊಂದು ದಾಟುವ ಜಾಗವಿರಲಿ ಎಂದು ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಪಾದಚಾರಿ ಮಾರ್ಗಸೂಚಿಯೇ ಹೇಳಿತ್ತು. ಸ್ಕೈವಾಕ್ ಇದೆಯಲ್ಲ ಎನ್ನುವವರು ಮೆಟ್ಟಿಲು ಎಣಿಸಲಿ: ಕೆಳಗೆ ಲಾರಿ ಹಾಯಲು ಐದೂವರೆ ಮೀಟರ್ ಬಿಟ್ಟರೆ 35ಕ್ಕೂ ಹೆಚ್ಚು. ಲಿಫ್ಟ್ ಕೆಟ್ಟ ದಿನ ಅತ್ತೆ ಏನು ಮಾಡಬೇಕು?

ವಿರೋಧ

ನಾನೂ ನಡೆಯುವವನೇ. ಆದರೂ ಕ್ರಾಸಿಂಗ್ ಹೆಚ್ಚಾದಷ್ಟೂ ಜೀವ ಉಳಿಯುತ್ತದೆ ಎಂಬುದನ್ನು ಒಪ್ಪಲಾರೆ. ನಮ್ಮಲ್ಲಿ ಎಷ್ಟೋ ಕಡೆ ಜೀಬ್ರಾ ಎಂದರೆ ಬರೀ ಬಣ್ಣ. 50 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲೂ ನಿಲ್ಲಲು 25 ಮೀಟರಿಗಿಂತ ಹೆಚ್ಚು ಬೇಕು. ಮೊದಲ ಸಾಲಿನ ಬಸ್ಸು ನಿಂತಿತೆಂದೇ ಇಟ್ಟುಕೊಳ್ಳಿ. ಅದರ ಮರೆಯಿಂದ, ಪಕ್ಕದ ಸಾಲಿನಲ್ಲಿ ಬೈಕು ನುಗ್ಗುತ್ತದೆ. ದಾಟುವವರು ಬೈಕಿನವನಿಗೆ ಕಾಣುವುದಿಲ್ಲ, ಬೈಕು ಇವರಿಗೂ ಕಾಣುವುದಿಲ್ಲ. ನನ್ನ ತಮ್ಮನ ಕಾಲು ಮುರಿದದ್ದು ಹೀಗೆ, ಜೀಬ್ರಾ ಪಟ್ಟೆಯ ಮೇಲೆಯೇ. ಪಟ್ಟೆಯನ್ನು ನಂಬಿದ್ದ.

ಹಾಗಾದರೆ ಪ್ರತಿಯೊಂದಕ್ಕೂ ಸಿಗ್ನಲ್ ಹಾಕಿ ಎನ್ನಬಹುದು. 150 ಮೀಟರಿಗೊಮ್ಮೆ ನಿಂತು ಹೊರಡುವ ವಾಹನಗಳಲ್ಲಿ ಬಿಎಂಟಿಸಿ ಬಸ್ಸೂ ಇರುತ್ತದೆ. ಅದರೊಳಗೆ ಜೋತಾಡಿಕೊಂಡು ನಿಂತವರೂ ಇಳಿದ ಮೇಲೆ ನಡೆಯುವವರೇ. ಅದಕ್ಕಿಂತ ಕ್ರಾಸಿಂಗ್ ಕಡಿಮೆ ಇರಲಿ, ಗಟ್ಟಿಯಾಗಿರಲಿ: ಶಾಲೆ, ಆಸ್ಪತ್ರೆ, ಮಾರುಕಟ್ಟೆ ಎದುರು ಹಂಪ್‌ನಷ್ಟು ಎತ್ತರಿಸಿದ ಕ್ರಾಸಿಂಗ್, ಬಟನ್ ಒತ್ತಿದರೆ ಕೆಂಪಾಗುವ ಪೆಲಿಕಾನ್ ಸಿಗ್ನಲ್, ಮೀಡಿಯನ್‌ನಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಜಾಗ.

ವಯಸ್ಸಾದವರು ಅರ್ಧ ಕಿಲೋಮೀಟರ್ ಸುತ್ತಲಿ ಎಂದು ನಾನು ಹೇಳುತ್ತಿಲ್ಲ. ಇಂಥ ಕ್ರಾಸಿಂಗ್‌ಗಳ ಪಕ್ಕಕ್ಕೇ ಬಸ್ ಸ್ಟಾಪ್ ತನ್ನಿ. ಇಳಿದವರು ಬಸ್ಸಿನ ಮುಂದಿನಿಂದಲ್ಲ, ಹಿಂದಿನಿಂದ ದಾಟುವಂತಿರಲಿ.